ರಾಜಕುಮಾರನ ಕೆನ್ನೆಯ ಅನ್ನದಗುಳು

ಈ ಕಥೆಯಲ್ಲಿ ಬರುವ ಅಂಟೆಲ್ಲ ಗೋಧಿಯದು. ಎಲ್ಲಾದರೂ ಸುಳ್ಳು ಅಂಟಿಕೊಂಡಿದೆ ಅನ್ನಿಸಿದರೆ ಓದುಗರು ಒಂದಿಷ್ಟು ನೀರು ಚಿಮುಕಿಸಿ ನೋಡಬಹುದು. ಒಳ್ಳೆಯ ಅಂಟಾದರೆ ತಾನಾಗಿ ಬಿಟ್ಟುಕೊಳ್ಳುತ್ತದೆ. ಹಾಗಂತ ಹೇಳಿಕೊಟ್ಟವರು ತಾಜುಕೊ ನಿಶಿಗಾಕಿ. ಈಗ ಅವರನ್ನು ಮಾತಿಗೆಳೆಯುವಂತಿಲ್ಲ. ಅಂಟು ಕಾಯುತ್ತಿದೆ.

ಕ್ಯೋಟೋದ ಒಂದು ಸಪೂರ ಓಣಿ. ಬೆಳಕು ಇನ್ನೂ ಹೆಂಚಿನ ಮೇಲೇ ಕುಳಿತು, ಒಳಗೆ ಬರಲೋ ಬೇಡವೋ ಎಂದು ಯೋಚಿಸುತ್ತಿರುವ ಹೊತ್ತು. ಮನೆಯ ಹಿಂಬದಿಯ ಮಣ್ಣುನೆಲದ ಅಡುಗೆಕೋಣೆಯಲ್ಲಿ ತಾಜುಕೊ ತಾಮ್ರದ ಪಾತ್ರೆಯ ಮುಂದೆ ನಿಂತು ಮರದ ಕೋಲಿನಿಂದ ತಿರುವುತ್ತಿದ್ದಾರೆ. ವಯಸ್ಸು ಎಪ್ಪತ್ತಕ್ಕೆ ಹತ್ತಿರ, ಎತ್ತರ ಒಲೆಗಿಂತ ಸ್ವಲ್ಪ ಜಾಸ್ತಿ. ಗೋಧಿಯ ಜಿಗುಟನ್ನೆಲ್ಲ ತೊಳೆದು ಕಳೆದ ಮೇಲೆ ಉಳಿದ ಬಿಳಿ ಹಿಟ್ಟು, ಬಾವಿಯ ನೀರು, ಅಷ್ಟೇ ಸಾಮಗ್ರಿ. ಮೊದಲು ಹಾಲಿನಂತೆ ತೆಳ್ಳಗೆ ಸುಳಿಯುತ್ತದೆ. ಆಮೇಲೆ ಏನೋ ನೆನಪಾದಂತೆ ಒಮ್ಮೆಲೇ ಗಟ್ಟಿಯಾಗಿ ಕೋಲನ್ನು ಹಿಡಿದುಕೊಳ್ಳುತ್ತದೆ. ಕೈ ನಿಂತರೆ ಗಂಟು, ಮನಸ್ಸು ಅತ್ತಿತ್ತ ಹೋದರೆ ತಳ ಹತ್ತುತ್ತದೆ.

"ಇದು ಅತ್ತೆ ಮನೆಗೆ ಬಂದ ಹೊಸ ಸೊಸೆ ಥರ," ಎನ್ನುತ್ತಾರೆ ತಾಜುಕೊ, ಕಣ್ಣು ಪಾತ್ರೆಯಿಂದ ತೆಗೆಯದೆ. "ಸುಮ್ನಿದಾಳೆ ಅಂತ ತಿರುಗಿ ನೋಡ್ದೆ ಬಿಟ್ರೆ ಆಯ್ತು ಕಥೆ."

ಒಳಗಿನ ಚಾಪೆಕೋಣೆಯಿಂದ ಚಹಾ ಆಗಲಿಲ್ಲವೇ ಎಂಬ ಕೆಮ್ಮು ಕೇಳಿಸುತ್ತದೆ. ಕೆಮ್ಮಿನ ಯಜಮಾನರು ಪತಿ ಕಾಂಜಿ ನಿಶಿಗಾಕಿ. ಹೊರಗಿನ ಮರದ ಫಲಕದಲ್ಲಿರುವುದು ಅವರದೇ ಹೆಸರು. ಗಂಡನ ಹೆಸರು ಕಾಂಜಿ, ಹೆಂಡತಿಯ ಕೆಲಸ ಗಂಜಿ. ಕನ್ನಡ ಬಲ್ಲವರಿಗೆ ಮಾತ್ರ ದಕ್ಕುವ ಈ ಸುಖವನ್ನು ಆ ದಂಪತಿಗೆ ವಿವರಿಸಲು ಹೋಗಿ ಸೋತದ್ದಾಗಿದೆ. ತಾಜುಕೊ ತಲೆಯಾಡಿಸಿ, ಅದೇ ಕೆಮ್ಮನ್ನು ಅದೇ ಎಳೆತದಲ್ಲಿ ಕೆಮ್ಮಿ ತೋರಿಸುತ್ತಾರೆ. ಒಳಗಿನ ಕೆಮ್ಮು ತಕ್ಷಣ ನಿಲ್ಲುತ್ತದೆ.

ಈ ಮನೆಯಲ್ಲಿ ಆಗುವುದು ಮಡಿಕೆ ಪರದೆಗಳ ಕೆಲಸ. ಬ್ಯೋಬು ಎಂದು ಕರೆಯುವ ಈ ಪರದೆಯ ಹೆಸರಿನ ಅರ್ಥವೇ ಗಾಳಿಗೆ ಗೋಡೆ. ಆಳೆತ್ತರದ ಆರು ಫಲಕ, ಅವನ್ನು ಜೋಡಿಸುವ ಕಾಗದದ ಕೀಲು, ಬಿಚ್ಚಿ ನಿಲ್ಲಿಸಿದರೆ ಹಾವಿನಂತೆ ಸೊಟ್ಟಸೊಟ್ಟ ನಿಲ್ಲುವ ಚಿತ್ರ. ಮೇಲೆ ಚಿನ್ನದ ಮೋಡಗಳು. ಮೋಡ ಸರಿದಲ್ಲೆಲ್ಲ, ಛಾವಣಿಯನ್ನು ಯಾರೋ ಎತ್ತಿಟ್ಟಂತೆ, ಅರಮನೆಯ ಕೋಣೆಗಳು ಮೇಲಿನಿಂದ ಕಾಣುತ್ತವೆ. ಅಲ್ಲಿ ಸಾವಿರ ವರ್ಷದ ಹಿಂದಿನ ಆಸ್ಥಾನದ ಕಥೆಗಳು ನಡೆಯುತ್ತಿರುತ್ತವೆ. ನೆಲ ಮುಟ್ಟುವ ಕೂದಲಿನ, ಪದರಪದರ ಉಡುಪಿನ ಹೆಂಗಸರು. ಗೆರೆಯಂಥ ಕಣ್ಣು, ಕೊಕ್ಕೆಯಂಥ ಮೂಗಿನ ರಾಜಕುಮಾರರು. ಅವರಿಗೆ ಬೇರೇನೂ ಉದ್ಯೋಗವಿಲ್ಲ: ಪದ್ಯ ಕಳಿಸುವುದು, ಚಂದ್ರನನ್ನು ನೋಡಿ ನಿಟ್ಟುಸಿರು ಬಿಡುವುದು, ಬೇಲಿಯ ಸಂದಿನಲ್ಲಿ ಇಣುಕುವುದು.

ನೋಡುವವರು ಚಿನ್ನ ನೋಡುತ್ತಾರೆ, ಸ್ವಲ್ಪ ತಿಳಿದವರು ಮೂಲೆಯಲ್ಲಿನ ಚಿತ್ರಕಾರನ ಮುದ್ರೆ ಹುಡುಕುತ್ತಾರೆ. ಚಿನ್ನದ ರೇಕಿನ ಹಿಂದೆ ಒಂದು ಕಾಗದವಿದೆ, ಅದರ ಹಿಂದೆ ಇನ್ನೊಂದು, ಮೀನಿನ ಹುರುಪೆಯಂತೆ ಒಂದರ ಮೇಲೊಂದು ಒರಗಿಸಿದ ಮತ್ತಷ್ಟು, ಎಲ್ಲದರ ಹಿಂದೆ ದೇವದಾರು ಕಡ್ಡಿಗಳ ಜಾಲರಿ. ಆ ಹೊಟ್ಟೆಯೊಳಗಿನದು ಪೂರ್ತಿ ತಾಜುಕೊ ಅವರ ಕೆಲಸ. ಎಲೆಮರೆಯ ಕಾಯಿ ಎನ್ನುತ್ತೇವಲ್ಲ, ಇವರು ರೇಕುಮರೆಯ ಕಾಯಿ.

ಬೇಯಿಸಿ ಆರಿಸಿದ ಅಂಟನ್ನು ಕುದುರೆಕೂದಲಿನ ಜರಡಿಯಲ್ಲಿ ಒತ್ತಿ ಸೋಸುತ್ತಾರೆ. ಆಮೇಲೆ ಅಗಲ ಕುಂಚದಿಂದ ನೀರು ಬೆರೆಸುತ್ತ, ಬೆರೆಸುತ್ತ, ಇನ್ನು ಇದರಲ್ಲಿ ಅಂಟೇ ಉಳಿದಿಲ್ಲ ಎಂದು ನೋಡುವವನಿಗೆ ಅನ್ನಿಸುವಷ್ಟು ತೆಳ್ಳಗೆ ಮಾಡುತ್ತಾರೆ.

"ಗಟ್ಟಿಯಾಗಿ ಅಂಟಿಸೋದು ಯಾರಿಗ್ ಬೇಕಾದ್ರೂ ಬರುತ್ತೆ," ಎನ್ನುತ್ತಾರೆ. "ಬಿಡೋ ಹಾಗೆ ಅಂಟಿಸ್ಬೇಕು. ನಾನ್ ಸತ್ತ ಮೇಲೆ ಯಾರೋ ಒಬ್ರು ಇದನ್ನ ಬಿಚ್ತಾರಲ್ಲ, ಅವ್ರು ನನ್ನ ಬೈಕೋತಾ ಬಿಚ್ಬಾರ್ದು."

ತಾಜುಕೊ ಹುಟ್ಟಿದ್ದು ಉತ್ತರದ ಕಡಲತೀರದ ನೇಕಾರರ ಮನೆಯಲ್ಲಿ. ಮಗ್ಗದ ಸದ್ದು, ಹಿಮ, ಒಣಗಿಸಿದ ಮೀನು. ಇಪ್ಪತ್ತಮೂರಕ್ಕೆ ಸೊಸೆಯಾಗಿ ಈ ಓಣಿಗೆ ಬಂದಾಗ ಮಾವ ಉಮೆಕಿಚಿ ಕೇಳಿದ್ದು ಒಂದೇ ಪ್ರಶ್ನೆಯಂತೆ: ಬೆಳಿಗ್ಗೆ ಬೇಗ ಏಳ್ತೀಯಾ? ಏಳುತ್ತೇನೆ ಎಂದದ್ದಕ್ಕೆ ಮರುದಿನವೇ ಕೈಗೆ ಕೋಲು ಕೊಟ್ಟರು. ಉಮೆಕಿಚಿ ನಕ್ಕದ್ದನ್ನು ನೋಡಿದವರು ಓಣಿಯಲ್ಲಿ ಇರಲಿಲ್ಲ. ಮದುವೆಯ ಫೋಟೋದಲ್ಲೂ ಹಲ್ಲುನೋವಿನವರಂತೆ ಕೂತಿದ್ದಾರೆ. ಚಳಿಗಾಲದಲ್ಲಿ ಬಾವಿನೀರಿಗೆ ಕೈ ಒಡೆದು ರಕ್ತ ಬಂದಾಗ, ಕಾಗದಕ್ಕೆ ಕಲೆಯಾಗುತ್ತದೆ ಎಂದು ಬೈದು, ಸಂಜೆ ಮಾತಿಲ್ಲದೆ ಮುಲಾಮಿನ ಡಬ್ಬಿಯನ್ನು ಸೊಸೆಯ ಚಪ್ಪಲಿಯ ಪಕ್ಕ ಇಟ್ಟು ಹೋದರಂತೆ. ಹೀಗೆ ಹೇಳುವಾಗ ತಾಜುಕೊ ಅವರ ಮುಖವೂ ಮಾವನದಾಗುತ್ತದೆ: ತುಟಿ ಕೆಳಗೆ, ಹುಬ್ಬು ಒಳಗೆ, ಕುತ್ತಿಗೆ ಇಲ್ಲವೇ ಇಲ್ಲ.

ಆಮೇಲೆ ಕೆಲಸವಿಲ್ಲದ ವರ್ಷಗಳೂ ಬಂದವು. ಜನ ಫ್ಲ್ಯಾಟುಗಳಿಗೆ ಹೋದರು. ಆಳೆತ್ತರದ ಪರದೆ ನಿಲ್ಲಿಸಲು ಜಾಗವಿಲ್ಲದವರು ಅದನ್ನು ಮಾರಿದರು, ಇಲ್ಲವೇ ಮರೆತರು. ಕಾಂಜಿ ಮನೆಮನೆಯ ಕಾಗದದ ಬಾಗಿಲುಗಳಿಗೆ ಹೊಸ ಕಾಗದ ಹಚ್ಚುವ ಸಣ್ಣ ಕೆಲಸ ಹಿಡಿದರು, ತಾಜುಕೊ ನಸುಕಿನಲ್ಲಿ ತೋಫು ಅಂಗಡಿಯಲ್ಲಿ ದುಡಿದರು. ಅಲ್ಲೂ ಪಾತ್ರೆ, ಅಲ್ಲೂ ತಿರುವುವುದು. ಕೆಲಸ ಬದಲಾದರೂ ಕೈ ಬದಲಾಗಲಿಲ್ಲ ಎಂದು ಅವರಿಗೆ ಇದರಲ್ಲೂ ನಗು.

ಬೇಸರ ಕಳೆಯಲು ಒಂದು ದಾರಿಯನ್ನು ಅವರು ಮೊದಲಿನಿಂದ ಕಂಡುಕೊಂಡಿದ್ದಾರೆ. ಕೆಲಸ ಮಾಡುತ್ತ ಮಾಡುತ್ತ ಪರದೆಯ ಜನರಿಗೆ ಮಾತು ಕೊಡುತ್ತಾರೆ. ರಾಜಕುಮಾರನಿಗೆ ಮೂಗಿನ ದನಿ, ಸಖಿಗೆ ಪಕ್ಕದ ಮನೆಯ ಉಪ್ಪಿನಕಾಯಿ ವ್ಯಾಪಾರಿಯ ಹೆಂಡತಿಯ ದನಿ, ಸನ್ಯಾಸಿಗೆ ವಿಮೆ ಏಜೆಂಟನ ದನಿ. ಕಾಂಜಿ ಚಿತ್ರದ ಮುಖಭಾಗ ನೋಡಿಕೊಳ್ಳುವವರು. ಬಣ್ಣಕ್ಕೆ ಕುಂಚ ತಾಗಿಸುವಾಗ ನಗಿಸಬೇಡ ಎಂದು ಹೆಂಡತಿಯ ಬಳಿ ಬೇಡಿಕೊಂಡು ಬೇಡಿಕೊಂಡು ಅವರ ಕೂದಲು ಬೆಳ್ಳಗಾಗಿದೆ.

ಹೋದ ಶರತ್ಕಾಲದಲ್ಲಿ ಇಂಥ ಮನೆಗೆ ಒಂದು ಪರದೆ ಬಂತು. ಬಂದದ್ದು ಮಡಿಸಿಕೊಂಡು. ಬಿಚ್ಚಲು ಬರುತ್ತಿರಲಿಲ್ಲ.

ಪರದೆಯ ಒಡತಿ ಫುಸಾ ಇನುಜುಕಾ, ಎಂಬತ್ತೆಂಟರ ಹಿರಿಯೆ, ತಲೆತಲಾಂತರದ ಕಿಮೊನೊ ಬಟ್ಟೆ ವ್ಯಾಪಾರಿಗಳ ಮನೆಯವರು. ಜುಲೈ ತಿಂಗಳ ಗಿಯೋನ್ ಹಬ್ಬದಲ್ಲಿ ಅವರ ಬೀದಿಯ ಹಳೆಯ ಮನೆಗಳವರು ಮುಂಬಾಗಿಲ ಜಾಲರಿ ತೆಗೆದು, ದೀಪ ಹಚ್ಚಿ, ತಮ್ಮ ಪರದೆಗಳನ್ನು ಹಾದಿಹೋಕರಿಗೆ ಕಾಣುವಂತೆ ನಿಲ್ಲಿಸುತ್ತಾರೆ. ಇನುಜುಕಾ ಮನೆಯ ಪರದೆಯಲ್ಲಿ, ಬೇಲಿಯ ಸಂದಿನಿಂದ ಒಬ್ಬ ರಾಜಕುಮಾರ ಇಣುಕುತ್ತಾನೆ. ಪಕ್ಕದ ಫಲಕದ ಜಗಲಿಯಲ್ಲಿ ಒಬ್ಬ ಯುವತಿ ಚೆರ್ರಿ ಹೂ ನೋಡುತ್ತ ಕೂತಿದ್ದಾಳೆ. ಹಬ್ಬ ಮುಗಿದ ಮೇಲೆ ಮಡಿಸಿ ಒಳಗಿಟ್ಟದ್ದು, ಶರತ್ಕಾಲದಲ್ಲಿ ಗಾಳಿಗಿಡಲು ತೆಗೆದರೆ, ಆ ಎರಡು ಫಲಕ ಮುಖಕ್ಕೆ ಮುಖ ಕಚ್ಚಿಕೊಂಡು ಕೂತಿವೆ.

ತೆಗೆಯಲು ಹೋದದ್ದು ಸೊಸೆ ಚಿಗುಸಾ. ತಪ್ಪು ಅವಳ ತಲೆಗೆ ಬಂತು.

ಫುಸಾ-ಸಾನ್, ಅಂದರೆ ನಮ್ಮ ಲೆಕ್ಕದಲ್ಲಿ ಫುಸಾ ಅವರು, ಸೊಸೆಗೆ ಒಂದೂ ಕೆಟ್ಟ ಮಾತು ಆಡಲಿಲ್ಲ. ಕ್ಯೋಟೋದ ಹಳೆಯ ಮನೆಗಳಲ್ಲಿ ನೇರ ಮಾತೆಂದರೆ ಚಪ್ಪಲಿ ಕಾಲಲ್ಲಿ ಚಾಪೆ ಹತ್ತಿದಷ್ಟೇ ಅಸಭ್ಯ. ಅವರು ಬಂದವರಿಗೆಲ್ಲ ಚಹಾ ಕೊಟ್ಟು, ಬೀಸಣಿಗೆ ಆಡಿಸುತ್ತ, ಸೊಸೆಯ ತವರನ್ನು ಹೊಗಳಿದರು. "ನಮ್ಮ ಚಿಗುಸಾ ಒಸಾಕಾದವಳು ನೋಡಿ. ಆ ಕಡೆಯವ್ರ ಕೈ ಭಾಳ ಗಟ್ಟಿ. ಏನ್ ಮುಚ್ಚಿದ್ರೂ ಚೆನ್ನಾಗಿ ಮುಚ್ತಾರೆ." ಗಾಳಿಗೆ ಗೋಡೆ ಕಟ್ಟಬಹುದು, ಗಾಳಿಮಾತಿಗೆ ಎಲ್ಲಿಯ ಗೋಡೆ? ಬೀದಿಯ ಕೊನೆಯ ಸಿಹಿತಿಂಡಿ ಅಂಗಡಿಯವರೆಗೂ ಸೊಸೆಯ ಗಟ್ಟಿ ಕೈಯ ಸುದ್ದಿ ಹೋಯಿತು.

ಒಸಾಕಾ ಎಂದರೆ ರೈಲಿನಲ್ಲಿ ಕೂತು ಒಂದು ತೂಕಡಿಕೆ ತೂಕಡಿಸಿ ಏಳುವಷ್ಟು ದೂರ. ಆದರೂ ಮದುವೆಯಾಗಿ ಮೂವತ್ತು ವರ್ಷವಾದ ಚಿಗುಸಾ ಆ ಮನೆಯಲ್ಲಿ ಇನ್ನೂ ಹೊರಗಿನವಳು. ಪರದೆ ಒಪ್ಪಿಸಲು ಬಂದ ದಿನ ಅವಳು ಮಣ್ಣುನೆಲದಲ್ಲೇ ನಿಂತು ಸೊಂಟ ಬಗ್ಗಿಸಿದಳು. ನಾನೇ ತೇವದ ದಿನ ಮುಚ್ಚಿಟ್ಟಿರಬೇಕು, ಹೇಗಾದರೂ ಬರುವ ಹಬ್ಬಕ್ಕೆ ನಿಲ್ಲುವಂತೆ ಮಾಡಿಕೊಡಿ ಎಂದಳು. ಹೋಗುವಾಗ, ಬಾಗಿಲ ಹೊರಗೆ, ಇನ್ನೊಂದು ಮಾತು ಹೇಳಿದಳು.

"ಬರೋ ಹಬ್ಬದಲ್ಲಿ ಆ ಜಾಗ ಖಾಲಿ ಇದ್ರೆ, ತಾಜುಕೊ-ಸಾನ್, ನಾನ್ ಇರೋವರೆಗೂ ಅದು ಖಾಲೀನೇ. ಪರದೆ ಆಮೇಲೆ ಬಂದ್ರೂ ಖಾಲಿ."

ತಾಜುಕೊ ಪರದೆಯನ್ನು ಮೂಸಿ ನೋಡಿದರು. ಅದು ಅವರ ಅಭ್ಯಾಸ. ಹಳೆಯ ಗೋಧಿ ಅಂಟಿಗೆ ವಾಸನೆಯಿಲ್ಲ. ಇದಕ್ಕೆ ಯಾವುದೋ ವಾಸನೆಯಿತ್ತು, ಪರಿಚಯದ್ದು, ಆದರೆ ಕೂಡಲೇ ಹೊಳೆಯಲಿಲ್ಲ.

ಬಿಡಿಸುವ ಕೆಲಸಕ್ಕೆ ಫೆಬ್ರವರಿಯ ಒಣ ಚಳಿ ಬೇಕಿತ್ತು. ಅವಸರದಲ್ಲಿ ನೀರು ಜಾಸ್ತಿಯಾದರೆ ರೇಕು ಏಳುತ್ತದೆ, ಮುಖಕ್ಕೆ ಹಚ್ಚಿದ ಚಿಪ್ಪಿನ ಪುಡಿಯ ಬಿಳುಪು ಕರಗುತ್ತದೆ. ಕಡಿಮೆಯಾದರೆ ಒಂದರ ಮುಖ ಇನ್ನೊಂದಕ್ಕೆ ಅಂಟಿ ಬರುತ್ತದೆ. ತೇವದ ಕಾಗದದ ಪಟ್ಟಿಯನ್ನು ಕೀಲಿನ ಗುಂಟ ಇಡುವುದು, ಕಾಯುವುದು, ಬಿದಿರಿನ ತೆಳು ಅಲಗನ್ನು ಉಗುರಿನಷ್ಟು ಒಳಗೆ ಬಿಡುವುದು, ಮತ್ತೆ ಕಾಯುವುದು. ಕಾಂಜಿ ಎದುರು ಕೂತು ಫಲಕ ಹಿಡಿದುಕೊಂಡರು. ಇಬ್ಬರೂ ಉಸಿರು ಬಿಗಿಹಿಡಿದ ಆ ಹೊತ್ತಿನಲ್ಲಿ ಫಲಕಗಳ ಸಂದಿನಿಂದ ಮೂಗಿನ ದನಿಯೊಂದು ಎದ್ದಿತು.

"ಯಾರಾದ್ರೂ ಇದೀರಾ? ಸಾವಿರ ವರ್ಷ ಬೇಲಿ ಆಚೆ ನಿಂತು ನೋಡ್ದೋನು ನಾನು. ಇಷ್ಟ್ ಹತ್ರ ಬಂದ್ ಮೇಲೆ ಏನೂ ಕಾಣಿಸ್ತಾನೇ ಇಲ್ವಲ್ಲ."

ಕೂಡಲೇ ಇನ್ನೊಂದು ದನಿ, ಉಪ್ಪಿನಕಾಯಿಯ ಖಾರ ಹಚ್ಚಿಕೊಂಡು: "ಪದ್ಯ ಇಲ್ಲ, ಪತ್ರ ಇಲ್ಲ, ಸೀದಾ ಮೂಗಿಗೆ ಮೂಗು. ಇವನನ್ನ ಯಾವ ಊರಿನ ರಾಜಕುಮಾರ ಅಂತಾರೆ?"

ಕಾಂಜಿ ಫಲಕ ಅಲುಗಾಡದಂತೆ ನಕ್ಕರು. ಮೈಯೆಲ್ಲ ನಗುತ್ತಿದ್ದು ಮೊಣಕೈ ಕೆಳಗೆ ಮಾತ್ರ ನಗದಿರುವುದು ಹೇಗೆಂದು ಇಷ್ಟು ವರ್ಷದ ಸಂಸಾರ ಅವರಿಗೆ ಕಲಿಸಿದೆ.

ಸಂಜೆಯ ಹೊತ್ತಿಗೆ ಫಲಕಗಳು ಬೇರೆಯಾದವು. ಯುವತಿ ಪೂರ್ತಿ ಉಳಿದಿದ್ದಳು, ಒಂದು ಕೂದಲೆಳೆಯೂ ಮಾಸಿರಲಿಲ್ಲ. ರಾಜಕುಮಾರನ ಕೆನ್ನೆಯಲ್ಲಿ ಸಣ್ಣದೊಂದು ಉಬ್ಬು. ತಾಜುಕೊ ಒದ್ದೆ ಕುಂಚದ ತುದಿಯಿಂದ ಅದನ್ನು ನೆನೆಸಿ ನೆನೆಸಿ ಎತ್ತಿದರು. ಅಂಗೈಗೆ ಹಾಕಿಕೊಂಡು ದೀಪಕ್ಕೆ ಹಿಡಿದರು. ಅರ್ಧ ಅನ್ನದಗುಳು.

ಆಗ ವಾಸನೆ ಹೊಳೆಯಿತು. ಯಾರೋ ಸಡಿಲವಾಗಿದ್ದ ಕೀಲಿಗೆ, ಒಳಗಡೆಯಿಂದ, ಅನ್ನ ಅರೆದು ಅಂಟಿಸಿದ್ದರು. ಒಣಗುವ ಮೊದಲೇ ಮಡಿಸಿಟ್ಟಿದ್ದರು. ಅನ್ನದ ಅಂಟು ಗೋಧಿಯದರಂತೆ ಬುದ್ಧಿ ಹೇಳಿದರೆ ಕೇಳುವ ಜಾತಿಯಲ್ಲ. ಹಿಸುಕಿದಷ್ಟೂ ಹರಿದು, ಸಿಕ್ಕಿದ್ದನ್ನೆಲ್ಲ ಹಿಡಿದುಕೊಂಡಿತ್ತು.

ಡಿಸೆಂಬರ್ ಕೊನೆಗೆ ಮನೆಯ ಬಾಗಿಲುಗಳಿಗೆ ಹೊಸ ಕಾಗದ ಹಚ್ಚುವುದು ಈ ಊರಿನ ಪ್ರತಿ ಮನೆಯ ರೂಢಿ. ಈಗಿನವರು ಅಂಗಡಿಯಿಂದ ಅಂಟಿನ ಸೀಸೆ ತರುತ್ತಾರೆ. ಹಳೆಯ ಕಾಲದವರು ರಾತ್ರಿ ಉಳಿದ ಅನ್ನವನ್ನು ಹಲಗೆಯ ಮೇಲೆ ಸಟ್ಟುಗದಿಂದ ಅರೆದುಬಿಡುತ್ತಿದ್ದರು. ಹೀಗೆ ವರ್ಷಕ್ಕೊಮ್ಮೆ ಬಾಗಿಲು ಅಂಟಿಸಿದವರೆಲ್ಲ ತಮ್ಮೊಳಗೆ ಒಬ್ಬ ಪರದೆ ಕೆಲಸಗಾರ ಇದ್ದಾನೆ ಎಂದು ನಂಬಿರುತ್ತಾರೆ. ಬಾಗಿಲಿಗೆ ಆಳು ಕರೆಯುವವರು ಸೋಮಾರಿಗಳು ಎಂದು ಪ್ರತಿ ಹೊಸವರ್ಷ ಹೆಮ್ಮೆಪಡುವವರು ಆ ಮನೆಯಲ್ಲಿ ಯಾರು ಎಂಬುದು ತಾಜುಕೊಗೆ ಗೊತ್ತಿತ್ತು. ಸಂಶಯ ಉಳಿಯದಂತೆ, ಕೀಲಿಗೆ ಹಚ್ಚಿದ್ದ ಕಾಗದವೇ ಬಾಯಿಬಿಟ್ಟಿತು. ಕಿಮೊನೊದ ಎದೆಮಡಿಕೆಯಲ್ಲಿಟ್ಟುಕೊಂಡು, ಚಹಾದ ಜೊತೆಗಿನ ಸಿಹಿಯನ್ನು ಇಟ್ಟು ತಿನ್ನುವ ಬಿಳಿ ಕಾಗದ. ಚಿಗುಸಾ ಪ್ಯಾಂಟು ಹಾಕುವವಳು. ಅವಳಿಗೆ ಎದೆಮಡಿಕೆಯೇ ಇಲ್ಲ.

ಆ ರಾತ್ರಿಯ ಊಟಕ್ಕೆ ಕೂತಾಗ ತಾಜುಕೊ ಅಗುಳನ್ನು ಪುಟ್ಟ ತಟ್ಟೆಯಲ್ಲಿಟ್ಟು ಗಂಡನ ಮುಂದೆ ಸರಿಸಿದರು. ಕಾಂಜಿ ಊಟದ ಕಡ್ಡಿಗಳನ್ನು ಕೆಳಗಿಟ್ಟರು.

"ನಮ್ ಕೆಲಸ ಪರದೆ ಬಿಚ್ಚೋದು ಕಣೇ. ಬಾಯಿ ಬಿಚ್ಚೋದಲ್ಲ."

ಅದು ನಿಜವೇ ಆಗಿತ್ತು. ಮನೆಮನೆಯ ಪರದೆಯ ಹೊಟ್ಟೆ ಸೀಳುವವರು ಅಲ್ಲಿ ಕಂಡದ್ದನ್ನೆಲ್ಲ ಹೊರಗೆ ಹೇಳಿದರೆ ನಾಳೆ ಯಾರೂ ಪರದೆ ಕೊಡುವುದಿಲ್ಲ. ಫುಸಾ-ಸಾನ್‌ಗೆ ಹೇಳಿದರೆ ಎಂಬತ್ತೆಂಟು ವರ್ಷದ ಬಿಗುಮಾನ ಮುರಿಯುತ್ತದೆ. ಚಿಗುಸಾಗೆ ಹೇಳಿದರೆ ಆ ಮನೆ ಮುರಿಯುತ್ತದೆ. ಹೇಳದಿದ್ದರೆ ಒಬ್ಬಳು ಹೆಣ್ಣುಮಗಳು ಮಾಡದ ತಪ್ಪನ್ನು ಹೊತ್ತು ಪ್ರತಿ ಹಬ್ಬದಲ್ಲೂ ಆ ಪರದೆಯ ಪಕ್ಕ ನಿಂತಿರಬೇಕು. ತಾಜುಕೊ ಅಗುಳನ್ನು ತೊಳೆದು ಬಿಸಾಡಿದರು. ಹೊಟ್ಟೆಯೊಳಗಿನ ಅಗುಳು ಹೋಗಲಿಲ್ಲ.

ದಾರಿ ತೋರಿಸಿದವರು ನಗಲಾರದ ಮಾವ.

ಈ ಕಸುಬಿನ ಹಳಬರಿಗೆ ಒಂದು ಗುಟ್ಟಿನ ಚಾಳಿ ಇತ್ತು ಎಂದು ತಾಜುಕೊ ಕೇಳಿದ್ದರು. ಮೇಲಿನ ಹಾಳೆ ಮುಚ್ಚುವ ಮೊದಲು ಒಳಗಿನ ಕಾಗದದ ಮೇಲೆ ಏನಾದರೂ ಗೀಚಿಡುವುದು. ಅರ್ಧ ಶತಮಾನದ ಮೇಲೆ ಅದನ್ನು ಬಿಚ್ಚುವ ಇನ್ನೊಬ್ಬ ಕೆಲಸಗಾರನ ಹೊರತು ಬೇರೆ ಯಾರೂ ಅದನ್ನು ನೋಡುವುದಿಲ್ಲ. ಉಮೆಕಿಚಿ ಇದನ್ನು ಕಂಡರೆ ಉರಿದುಬೀಳುತ್ತಿದ್ದರು. ಒಳಗಿನವರು ಒಳಗೇ ಇರಬೇಕು, ಚುಕ್ಕೆ ಇಟ್ಟರೂ ಮನೆಯಿಂದ ಆಚೆ ಎಂಬುದು ಅವರ ಕಟ್ಟಳೆ. ತಾಜುಕೊ ಇಷ್ಟು ವರ್ಷದಲ್ಲಿ ಒಂದು ಚುಕ್ಕೆಯನ್ನೂ ಇಟ್ಟವರಲ್ಲ.

ಇನುಜುಕಾ ಮನೆಯ ಈ ಪರದೆಗೆ ಹಿಂದಿನ ಸಲ ಒಳಗಿನ ಕಾಗದ ಹಚ್ಚಿದವರು ಉಮೆಕಿಚಿಯೇ. ಮಾರ್ಚ್ ತಿಂಗಳ ಒಂದು ಬೆಳಿಗ್ಗೆ, ರಾಜಕುಮಾರನ ಫಲಕದ ಪದರಗಳನ್ನು ಒಂದೊಂದೇ ಎತ್ತುತ್ತ ತಾಜುಕೊ ಕೊನೆಯದಕ್ಕೆ ಬಂದರು. ಅಲ್ಲೊಂದು ಚಿತ್ರವಿತ್ತು. ಮಸಿಯ ಗೆರೆ, ಎರಡೇ ನಿಮಿಷದಲ್ಲಿ ಎಳೆದಂಥದ್ದು. ಆಸ್ಥಾನದ ಸುಂದರಿಯೊಬ್ಬಳು, ನೆಲ ಮುಟ್ಟುವ ಕೂದಲು, ಪದರಪದರ ಉಡುಪು, ಅಂಟಿನ ಪಾತ್ರೆಯ ಮೇಲೆ ತಲೆಯಿಟ್ಟು ನಿದ್ದೆ ಹೊಡೆಯುತ್ತಿದ್ದಾಳೆ. ಪಾತ್ರೆಯಿಂದ ಹೊಗೆ. ಬೇಲಿಯ ಸಂದಿನಲ್ಲಿ, ರಾಜಕುಮಾರ ಇರಬೇಕಾದ ಜಾಗದಲ್ಲಿ, ಕುತ್ತಿಗೆಯಿಲ್ಲದ ಬೋಳುತಲೆಯ ಮುದುಕನೊಬ್ಬ ಇಣುಕುತ್ತಿದ್ದಾನೆ. ಅವನ ತುಟಿಯ ಎರಡೂ ತುದಿ ಮೇಲಕ್ಕಿವೆ.

ತಾಜುಕೊ ಬಂದ ಮೊದಲ ಚಳಿಗಾಲದಲ್ಲಿ ಒಮ್ಮೆ ನಿದ್ದೆ ತಡೆಯದೆ ಅಂಟು ಸೀದದ್ದು ಹೌದು. ಅಂದು ಮಾವ ಇಡೀ ದಿನ ಮಾತಾಡಿರಲಿಲ್ಲ. ಸಿಟ್ಟೆಂದು ಅವರು ತಿಳಿದಿದ್ದರು. ಈ ಪರದೆಯನ್ನು ಮುಂದೆ ಬಿಚ್ಚುವ ಕೈ ಯಾವುದೆಂದು ಲೆಕ್ಕ ಹಾಕಿ, ಆ ಮುದುಕ ನಗೆಯನ್ನು ಅವರ ಹೆಸರಿಗೆ ಒಳಗಿಟ್ಟು, ಮೇಲೆ ಚಿನ್ನದ ಮೋಡ ಮುಚ್ಚಿ, ಸತ್ತುಹೋಗಿದ್ದರು.

"ಸೀದಿದ್ದು ಒಂದೇ ಸಲ, ಮಾವ," ಎಂದರಂತೆ ತಾಜುಕೊ ಕಾಗದಕ್ಕೆ. ಎಂದವರು ಕಣ್ಣೊರೆಸಿಕೊಳ್ಳಲು ಅಂಗಳಕ್ಕೆ ಹೋದರು. ಕಾಗದಕ್ಕೆ ಕಲೆಯಾಗಬಾರದಲ್ಲ.

ಮರಳಿ ಬಂದಾಗ ಅವರ ಮುಖದಲ್ಲಿ ಏನೋ ಹೊಂಚು ಇತ್ತು ಎಂದು ಕಾಂಜಿ ನೆನೆಸಿಕೊಳ್ಳುತ್ತಾರೆ. ಆ ಮುಖ ಕಂಡರೆ ಅವರಿಗೆ ಮದುವೆಯ ಮಾರನೆಯ ದಿನದಿಂದಲೂ ಭಯ.

ಏಪ್ರಿಲ್, ಮೇ ಎರಡೂ ತಿಂಗಳು ಜಾಲರಿಗೆ ಕಾಗದ ಹಚ್ಚುವುದರಲ್ಲಿ ಹೋದವು. ಬಿಗಿಯಾದ ಪದರ, ಒರಗಿಸಿದ ಪದರ, ಅಂಚಿಗಷ್ಟೇ ಅಂಟು ಸವರಿ ನಡುವೆ ಗಾಳಿ ಬಿಟ್ಟ ಪದರ. ಒಂದೊಂದೂ ಒಣಗಬೇಕು, ಬಡಿದರೆ ಡೋಲಿನಂತೆ ದನಿ ಕೊಡಬೇಕು. ಕಾಂಜಿ ಚಿತ್ರಗಳ ಮುಖ ಸ್ವಚ್ಛಗೊಳಿಸಿ ಮುಗಿಸಿದರು. ರಾಜಕುಮಾರನ ಕೆನ್ನೆಯಲ್ಲಿ ಸಾಸಿವೆಯಷ್ಟು ಬಿಳುಪು ಹೋಗಿತ್ತು. ಅದನ್ನು ಮುಚ್ಚಬಹುದಿತ್ತು. ಇರಲಿ ಬಿಡಿ, ಊಟ ಮಾಡಿ ಬಾಯಿ ಒರೆಸಿಕೊಳ್ಳದವನ ಹಾಗೆ ಚೆನ್ನಾಗಿದಾನೆ ಎಂದು ತಾಜುಕೊ ತಡೆದರು.

ಮೇಲಿನ ಚಿತ್ರ ಕೂರಿಸುವ ಮೊದಲು ಒಡೆಯರನ್ನು ಕರೆದು ಒಳಗಿನ ಕೆಲಸವನ್ನು ಒಮ್ಮೆ ತೋರಿಸುವುದು ನಿಶಿಗಾಕಿ ಮನೆಯ ಪದ್ಧತಿ. ಆಮೇಲೆ ಐವತ್ತು ವರ್ಷ ಅದನ್ನು ಯಾರೂ ನೋಡುವಂತಿಲ್ಲ. ಜೂನ್ ತಿಂಗಳ ಸೋನೆಮಳೆಯ ಒಂದು ಬೆಳಿಗ್ಗೆ ಫುಸಾ-ಸಾನ್ ಬೂದುಬಣ್ಣದ ಬೇಸಿಗೆ ಕಿಮೊನೊದಲ್ಲಿ, ದುಂಡು ಕನ್ನಡಕದಲ್ಲಿ, ಬಲಗೈಯಲ್ಲಿ ಕೋಲು ಹಿಡಿದು ಟ್ಯಾಕ್ಸಿಯಿಂದ ಇಳಿದರು. ಹಿಂದೆ ಕೊಡೆ ಹಿಡಿದ ಚಿಗುಸಾ. ಅಕ್ಕಿಹಿಟ್ಟಿನ ಸಿಹಿಯ ಪೆಟ್ಟಿಗೆಯೂ ಅವಳ ಕೈಯಲ್ಲೇ. ಚಹಾ ಆಯಿತು. ಬಲಗೈಯಲ್ಲಿ ಬೀಸಣಿಗೆ ಆಡಿಸುತ್ತ ಫುಸಾ-ಸಾನ್ ಮಳೆಯನ್ನು ಹೊಗಳಿದರು, ಮನೆ ಎಷ್ಟು ತಂಪಾಗಿದೆ ಎಂದರು. ಇಷ್ಟು ಹಳೆಯ ಮನೆಯನ್ನು ರಿಪೇರಿ ಮಾಡದೆ ಉಳಿಸಿಕೊಳ್ಳಲು ಧೈರ್ಯ ಬೇಕು ಎಂದೂ ಸೇರಿಸಿದರು.

ಫಲಕವನ್ನು ಗೋಡೆಗೆ ಒರಗಿಸಿತ್ತು. ತಾಜುಕೊ ಅದರ ಮೇಲಿನ ಬಟ್ಟೆ ಸರಿಸಿದರು.

ಬಿಳಿ ಕಾಗದದ ನಡುವೆ, ನಾಳೆ ರಾಜಕುಮಾರ ಬಂದು ಕೂರಬೇಕಾದ ಜಾಗದ ಬೆನ್ನಿಗೆ, ಅಂಗೈಯಗಲದ ಮಸಿಚಿತ್ರ. ಆಸ್ಥಾನದ ಹಿರಿಯೆ ಒಬ್ಬರು ಕೂತಿದ್ದಾರೆ. ನೆಲ ಮುಟ್ಟುವ ಕೂದಲು, ಗೆರೆಯ ಕಣ್ಣು, ಆ ಕಣ್ಣಿಗೆ ದುಂಡು ಕನ್ನಡಕ. ಪಕ್ಕದಲ್ಲಿ ಮುಚ್ಚಳ ತೆಗೆದ ಅನ್ನದ ಪಾತ್ರೆ, ಬಲಗೈಯಲ್ಲಿ ಎತ್ತಿ ಹಿಡಿದ ಸಟ್ಟುಗ, ಮುಂದೆ ಬೆರಳು ಗಾತ್ರದ ಮಡಿಕೆ ಪರದೆ. ಬೇಲಿಯ ಸಂದಿನಲ್ಲಿ ರಾಜಕುಮಾರ. ಅವನ ಕೆನ್ನೆಯಲ್ಲಿ ಒಂದು ಅಗುಳು. ತಪ್ಪಿಸಿಕೊಳ್ಳುವುದು ಹೇಗೆಂದು ಅವನು ಅತ್ತಿತ್ತ ನೋಡುತ್ತಿದ್ದಾನೆ.

ಕಾಂಜಿಗೆ ಇದ್ದಕ್ಕಿದ್ದಂತೆ ಒಲೆ ಆರಿಸಿದೆನೋ ಇಲ್ಲವೋ ಎಂಬ ಚಿಂತೆ ಹತ್ತಿತು; ಎದ್ದವರು ಅಡುಗೆಕೋಣೆಯ ಬಾಗಿಲಲ್ಲೇ ಕಂಬದಂತೆ ನಿಂತರು. ಚಿಗುಸಾ ಚಿತ್ರವನ್ನು ನೋಡಿದಳು. ಕನ್ನಡಕ ನೋಡಿದಳು, ಅನ್ನದ ಪಾತ್ರೆ ನೋಡಿದಳು. ಆಮೇಲೆ ತನ್ನ ಎರಡೂ ಅಂಗೈಗಳನ್ನು, ವರ್ಷವಿಡೀ ಗಟ್ಟಿ ಎನ್ನಿಸಿಕೊಂಡ ಆ ಅಂಗೈಗಳನ್ನು, ಮಡಿಲಲ್ಲಿ ಬಿಚ್ಚಿ ನೋಡಿಕೊಂಡಳು. ಅಂಗಳದ ಕೊಳದಲ್ಲಿ ಮಳೆ ತೊಟ್ಟಿಕ್ಕುವುದು ಕೇಳಿಸುತ್ತಿತ್ತು.

ಈ ಹಂತದಲ್ಲಿ ತಾಜುಕೊ ಅವರ ಧೈರ್ಯವೂ ನೀರಾಗಿತ್ತು. "ಅಂಟು ಜಾಸ್ತಿ ಆಯ್ತೇನೋ ಅನ್ನಿಸ್ತು," ಎನ್ನುತ್ತಾರೆ ಈಗ. "ಒಂದ್ ಹನಿ ಜಾಸ್ತಿ ಆದ್ರೂ ಕಾಗದ ಹರಿಯುತ್ತೆ. ನಾನ್ ಹರ್ದೇಬಿಟ್ಟೆ ಅಂದ್ಕೊಂಡೆ."

ಫುಸಾ-ಸಾನ್ ಕನ್ನಡಕ ತೆಗೆದರು. ಎದೆಮಡಿಕೆಯಿಂದ ಬಿಳಿ ಕಾಗದ ಎಳೆದು ಒರೆಸಿದರು. ಒರೆಸುತ್ತಿರುವುದು ಯಾವ ಕಾಗದದಿಂದ ಎಂದು ಅವರಿಗೂ ಗೊತ್ತಾಗಿರಬೇಕು. ಒಂದು ಕ್ಷಣ ಕೈ ನಿಂತಿತು. ಮತ್ತೆ ಕನ್ನಡಕ ಹಾಕಿಕೊಂಡು, ಕೋಲೂರಿ, ಚಿತ್ರಕ್ಕೆ ಮೂಗು ತಾಗುವಷ್ಟು ಬಗ್ಗಿದರು.

"ತಾಜುಕೊ-ಸಾನ್."

"ಹೇಳಿ."

"ಇದು ತಪ್ಪು."

ತಾಜುಕೊ ನೆಲಕ್ಕೆ ಕೈಯೂರಿ ತಲೆ ಬಗ್ಗಿಸಿದರು.

"ಸಟ್ಟುಗ ಎಡಗೈಲಿರ್ಬೇಕು," ಎಂದರು ಫುಸಾ-ಸಾನ್.

ಯಾರಿಗೂ ಅರ್ಥವಾಗಲಿಲ್ಲ. ಅವರು ತಿರುಗಿ ಚಾಪೆಯ ಮೇಲೆ ಕೂತು, ಕೋಲನ್ನು ಪಕ್ಕಕ್ಕಿಟ್ಟು, ಹವಾಮಾನ ಹೇಳುವವರಂತೆ ಹೇಳಿದರು. ಹುಟ್ಟಿದ್ದು ಎಡಗೈಯವಳಾಗಿ. ಚಿಕ್ಕವಳಿದ್ದಾಗ ಅಜ್ಜಿ ಆ ಕೈಯನ್ನು ಸೊಂಟಪಟ್ಟಿಗೆ ಕಟ್ಟಿ ಕಟ್ಟಿ ಬಲಗೈ ಕಲಿಸಿದ್ದರು. ಊಟ, ಬರಹ, ಚಹಾ, ಬೀಸಣಿಗೆ, ನಾಲ್ಕು ಜನರೆದುರು ಎಲ್ಲವೂ ಬಲಗೈ. ಗಂಡನಿಗೂ ಗೊತ್ತಿರಲಿಲ್ಲ.

"ಮನೇಲಿ ಯಾರೂ ಇಲ್ದಾಗ ಮಾತ್ರ ನಾನು ಎಡಗೈಯವಳು. ಅವತ್ತು ಚಿಗುಸಾ ಪೇಟೆಗೆ ಹೋಗಿದ್ಲು. ಅದಕ್ಕೇ ಅನ್ನ ಅಷ್ಟು ಚೆನ್ನಾಗಿ ಅರೆದಿತ್ತು."

ಮೂವತ್ತು ವರ್ಷ ಒಂದೇ ಸೂರಿನಡಿ ಇದ್ದ ಸೊಸೆ ಅತ್ತೆಯ ಎಡಗೈಯನ್ನು ಮೊದಲ ಸಲ ನೋಡುವವಳಂತೆ ನೋಡಿದಳು. ಫುಸಾ-ಸಾನ್ ಅವಳ ಕಡೆ ತಿರುಗದೆ, ಮಳೆಯ ಕಡೆ ಮುಖ ಮಾಡಿಯೇ ಮಾತು ಮುಂದುವರಿಸಿದರು.

"ಚಿಗುಸಾ. ಈ ಸಲ ಹಬ್ಬಕ್ಕೆ ಪರದೆ ನೀನೇ ನಿಲ್ಲಿಸು. ಮುಗಿದ್ ಮೇಲೆ ನೀನೇ ಮುಚ್ಚು. ನಿನ್ ಕೈ ಹಗುರ."

"ಆಗ್ಲಿ ಅತ್ತೆ," ಎಂದಳು ಚಿಗುಸಾ. ಸ್ವಲ್ಪ ತಡೆದು, "ಅನ್ನ ಮಾತ್ರ ನೀವೇ ಬಡಿಸ್ಕೊಳಿ, ಎಡಗೈಲೇ," ಎಂದಳು.

ಒಸಾಕಾದವರು ನೇರ ಮಾತಿನವರು. ಬಾಗಿಲಲ್ಲಿದ್ದ ಕಾಂಜಿ ಕೆಮ್ಮಿದರು. ತಲೆ ಬಗ್ಗಿಸಿಯೇ ಇದ್ದ ತಾಜುಕೊ ಆ ಕೆಮ್ಮನ್ನು, ಬೇಕೆಂದಲ್ಲ, ಹಾಳು ಅಭ್ಯಾಸದಿಂದ, ಅದೇ ಎಳೆತದಲ್ಲಿ ಕೆಮ್ಮಿಬಿಟ್ಟರು. ಚಿಗುಸಾ ತೋಳಿಗೆ ಮುಖ ಒತ್ತಿಕೊಂಡಳು, ಆದರೂ ನಗು ಪಕ್ಕದಿಂದ ಸೋರಿತು. ಕಾಂಜಿಯ ಮೈಯೆಲ್ಲ ನಕ್ಕಿತು, ಈ ಸಲ ಮೊಣಕೈ ಕೆಳಗೂ.

ಚಿತ್ರವನ್ನು ಅಳಿಸಿ ಎಡಗೈಗೆ ಬದಲಾಯಿಸಲೇ ಎಂದು ತಾಜುಕೊ ಕೇಳಿದರು. ಫುಸಾ-ಸಾನ್ ಉತ್ತರ ಕೊಡಲು ಬಾಯಿ ತೆರೆದರು. ಬಂದದ್ದು ನಗು, ಮೊದಲು ಕೀಲು ಕಿರುಗುಟ್ಟಿದಂತೆ ಸಣ್ಣಗೆ, ಆಮೇಲೆ ತಡೆಯಿಲ್ಲದೆ, ಸೋನೆಮಳೆಯ ಸದ್ದನ್ನು ಮೀರಿ, ಪಕ್ಕದ ಉಪ್ಪಿನಕಾಯಿ ಅಂಗಡಿಯವಳು ಕಿಟಕಿ ತೆರೆದು ಇಣುಕುವಷ್ಟು ಜೋರಾಗಿ. ಅಲ್ಲಿದ್ದವರೆಲ್ಲರ ನಗು ಒಟ್ಟು ಹಾಕಿದರೂ ಅವರೊಬ್ಬರದಕ್ಕೆ ಸಮವಾಗುತ್ತಿರಲಿಲ್ಲ. ಕನ್ನಡಕ ಜಾರಿ ಮಡಿಲಿಗೆ ಬಿತ್ತು. ಎಲ್ಲರೆದುರು, ಎಡಗೈಯಿಂದ, ತೊಡೆ ತಟ್ಟಿಕೊಂಡು ತಟ್ಟಿಕೊಂಡು ಅವರು ನಗುತ್ತಲೇ ಇದ್ದರು.